ಮಣಿಕಟ್ಟಿನ ತಾಳ

ಎದೆಬಡಿತವನ್ನೇ ಹಾಡಾಗಿಸುವ ಯಂತ್ರ ಬಂದಮೇಲೆ ಪಣಂಬೂರಿನ ಸಂಜೆ ಕುಣಿತಗಳಿಗೆ ಬೇರೆ ವಾದ್ಯವೇ ಬೇಕಿರಲಿಲ್ಲ. ಕಲಾವಿದೆ ಎದೆಗೆ ತಂತಿ ಅಂಟಿಸಿಕೊಂಡು ನಿಂತರೆ ಅವಳ ಬಡಿತವೇ ತಾಳವಾಗಿ ಸ್ಪೀಕರಿನಿಂದ ಹೊರಡುತ್ತಿತ್ತು. ಕಿವಿ ಕೇಳದವರು ವೇದಿಕೆ ಹತ್ತಿ, ಅವಳ ಮಣಿಕಟ್ಟು ಹಿಡಿದು ಕುಣಿಯುವುದು ರೂಢಿ. ರೆಕಾರ್ಡ್ ಹಾಕುವ ಡಿಜೆಗಳನ್ನು ಅಂಥ ಕಲಾವಿದೆ ರೆನಿಟಾ ‘ಹೆಣದ ನಾಡಿ ಮಾರುವವರು’ ಎಂದು ಹೀಯಾಳಿಸುತ್ತಿದ್ದಳು.

ಒಂದು ದಿನ ಅವಳಿಗೆ ಜ್ವರ ಬಿಟ್ಟು ಮೈ ಸೋತಿತ್ತು. ಇಂಥ ಸಪ್ಪೆ ಬಡಿತಕ್ಕೆ ಯಾರು ಕುಣಿದಾರು ಎಂದು ಹೆದರಿ, ತಂತಿಯನ್ನು ತೋರಿಕೆಗಷ್ಟೇ ಅಂಟಿಸಿಕೊಂಡು, ಹೋದ ವರ್ಷ ರೆಕಾರ್ಡ್ ಮಾಡಿಟ್ಟ ತನ್ನದೇ ಬಡಿತವನ್ನು ಹಾಕಿಬಿಟ್ಟಳು. ಜನ ಹುಚ್ಚೆದ್ದು ಕುಣಿದರು.

ಆಗ ಲಿಲ್ಲಿಬಾಯಿ ಮೆಟ್ಟಿಲು ಹತ್ತಿ ಬಂದು ಅವಳ ಮಣಿಕಟ್ಟು ಹಿಡಿದರು. ಮುಪ್ಪಿನಲ್ಲಿ ಕಿವಿ ಹೋದರೂ ಒಂದು ಕುಣಿತವನ್ನೂ ತಪ್ಪಿಸದ ಹಿರಿಜೀವ. ಅವರು ಕಣ್ಣು ಮುಚ್ಚಿ, ನಾಡಿಗೆ ಸರಿಯಾಗಿ ನಿಧಾನವಾಗಿ ಹೆಜ್ಜೆ ಹಾಕಿದರು. ಹಾಡು ಒಂದು ಕಡೆ, ಹೆಜ್ಜೆ ಇನ್ನೊಂದು ಕಡೆ. ಕೆಳಗಿನಿಂದ ನಗು ಎದ್ದಿತು.

ನಾಚಿಕೆಗೆ ರೆನಿಟಾಳ ಎದೆ ಡವಡವ ಹೊಡೆದುಕೊಂಡಿತು. ಲಿಲ್ಲಿಬಾಯಿಯ ಕಾಲೂ ಅದರ ಹಿಂದೆಯೇ ಓಡಿತು. ನಗು ಇನ್ನೂ ಜೋರಾಯಿತು. ಕಣ್ಣು ತೆರೆದು ಜನರನ್ನು ಕಂಡ ಅವರು ಮೆಲ್ಲನೆ ನಿಂತರು.

“ನಿನ್ನ ನಾಡಿ ಒಂದು ತಾಳ, ಅದುರುವ ನೆಲ ಬೇರೆಯೇ ತಾಳ ಹೇಳ್ತಾ ಉಂಟು ಮಗಾ,” ಎಂದರು. “ನನ್ನ ಕಾಲೇ ಮರಗಟ್ಟಿದೆ ಅಂತ ಕಾಣ್ತದೆ. ನಿನ್ನ ಹಾಡು ಹಾಳು ಮಾಡಿದೆ, ಅಲ್ವಾ?”

ಪರವಾಗಿಲ್ಲ ಎಂಬಂತೆ ರೆನಿಟಾ ಅವರ ಬೆನ್ನು ತಟ್ಟಿ, ಮೆಟ್ಟಿಲಿಳಿಸಿದಳು.