ಐವತ್ತೊಂಬತ್ತರ ಕೆಂಪು ಕ್ಯಾಡಿಲ್ಯಾಕ್

ಟಕ್ ಎಂದಿತು, ಅಷ್ಟೇ. ಅಳಿಯ ಕಣ್ಣು ಬಿಟ್ಟು ನೋಡುವಷ್ಟರಲ್ಲಿ ಐವತ್ತೊಂಬತ್ತನೇ ಇಸವಿಯ ಕ್ಯಾಡಿಲ್ಯಾಕ್ ನೆಲದ ಮೇಲೆ ಅಂಗಾತ ಬಿದ್ದಿತ್ತು. ಅದರ ಹಿಂಬದಿಯ, ಮೀನಿನ ಬಾಲದಂಥ ರೆಕ್ಕೆಯೊಂದು ಮುರಿದು ಸೋಫಾದ ಕೆಳಗೆ ಸೇರಿತ್ತು. ಧೂಳು ಒರೆಸುವ ಬ್ರಷ್ಷು ಇನ್ನೂ ಅವನ ಕೈಯಲ್ಲೇ ಇತ್ತು.

ಅದನ್ನು ಆಟಿಕೆ ಎಂದವರು ಆ ಮನೆಯಲ್ಲಿ ಎರಡನೇ ಸಲ ಕಾಫಿ ಕುಡಿದಿರಲಿಲ್ಲ. ಗಾಜಿನ ಬೀರುವಿನಲ್ಲಿ ನಲವತ್ತಮೂರು ಡೈಕಾಸ್ಟ್ ಕಾರುಗಳು. ಅಚ್ಚಿಗೆ ಲೋಹ ಎರೆದು ಮಾಡಿದ, ಗೇಣುದ್ದದ ಹಳೇ ಅಮೆರಿಕನ್ ಗಾಡಿಗಳು. ಬಾಗಿಲು ತೆರೆಯುತ್ತವೆ, ಸ್ಟೀರಿಂಗ್ ತಿರುಗುತ್ತದೆ, ಬಾನೆಟ್ ಎತ್ತಿದರೆ ಇಂಜಿನ್ ಕಾಣುತ್ತದೆ. ಪ್ರತಿಯೊಂದರ ಕೆಳಗೂ ಒಂದು ಚೀಟಿ: ಇಸವಿ, ಮಾದರಿ, ಬಣ್ಣ. ಬರಹ ಅತ್ತೆಯದು, ಹುಚ್ಚು ಮಾವನದು.

ಮಾವ ಊರಿಗೆಲ್ಲ ಕ್ಲಚ್ ಮೇಷ್ಟ್ರು. ನಲವತ್ತು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದರು. ಅರ್ಧ ಊರಿಗೆ ಗಾಡಿ ಓಡಿಸುವುದನ್ನು ಕಲಿಸಿದ್ದರು, ಇನ್ನರ್ಧ ಊರಿಗೆ ಪಕ್ಕಕ್ಕೆ ಹಾರುವುದನ್ನು. ಸಿಗ್ನಲ್ ಬಗ್ಗೆ ಅವರ ಪಾಠ ಒಂದೇ ಸಾಲು: "ಮೇಲಿನದು ಹತ್ತಿದ್ರೆ ನಿಲ್ಲು, ಕೆಳಗಿನದು ಹತ್ತಿದ್ರೆ ಹೊರಡು. ಉಳಿದಿದ್ದೆಲ್ಲ ಕ್ಲಚ್ಚು." ಅಳಿಯ ಆರು ವರ್ಷದಿಂದ ಅದೇ ಸ್ಕೂಲಿನಲ್ಲಿ, ಕಲಿಯುವವರ ಪಕ್ಕದ ಸೀಟಿನಲ್ಲಿ, ಕಲಿಸುವವರ ಪಾಲಿನ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಜೀವ ಕೈಯಲ್ಲಿ ಹಿಡಿದು ದುಡಿದಿದ್ದ.

ನೆಂಟರ ಮನೆಯ ಮದುವೆಗೆ ಹೊರಡುವಾಗ ಮಾವ ಬೀರುವಿನ ಕೀಲಿಯನ್ನು ಅವನ ಕೈಗಿಟ್ಟಿದ್ದರು. "ಒಂದು ವಾರ. ಧೂಳು ಒರೆಸೋದು, ಅಷ್ಟೇ ಕೆಲಸ. ಸರಿಯಾಗಿ ನೋಡ್ಕೊಂಡ್ರೆ ಸ್ಕೂಲು ನಿಂದು. ಒಂದು ಗೀರು ಬಿದ್ರೂ ನಿನ್ನ ಷಡ್ಡಕನಿಗೆ."

ಷಡ್ಡಕನಿಗೆ ರಿವರ್ಸ್ ಹಾಕಲು ಬರುತ್ತಿರಲಿಲ್ಲ. ಬೆಣ್ಣೆ ಹಚ್ಚಲು ಚೆನ್ನಾಗಿ ಬರುತ್ತಿತ್ತು. ಆರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದಲ್ಲ ಎಂದು ಅಳಿಯನಿಗೆ ಅಳು ಬಂತು.

ಅಂಟು ಹಾಕಿದ. ರೆಕ್ಕೆ ಸೊಟ್ಟಗೆ ನಿಂತಿತು. ಮೊಬೈಲಿನಲ್ಲಿ ಹುಡುಕಿ ಅಂಥದ್ದೇ ಇನ್ನೊಂದನ್ನು ತರಿಸಿದ. ಮಾವ ಬರುವ ದಿನವೇ ಬೆಳಗ್ಗೆ ಪಾರ್ಸೆಲ್ ಬಂತು. ಇಸವಿ ಸರಿ, ಮಾದರಿ ಸರಿ, ಅಳತೆ ಸರಿ, ಎರಡು ರೆಕ್ಕೆಗಳೂ ನೆಟ್ಟಗೆ. ಕಾರು ಮಾತ್ರ ಕಡು ಹಸಿರು.

ಫೋಟೋದಲ್ಲಿ ಕೆಂಪೇ ಇತ್ತು. ಕೆಳಗೆ ಇರುವೆಯಂಥ ಅಕ್ಷರದಲ್ಲಿ 'ಬಣ್ಣ ಲಭ್ಯತೆಗೆ ತಕ್ಕಂತೆ' ಎಂದಿತ್ತು. ಹೆಂಡತಿಯ ನೇಲ್ ಪಾಲಿಶ್ ತಂದು ಕಾರಿನ ಹೊಟ್ಟೆಗೆ ಹಚ್ಚಿ ನೋಡಿದ. ಜಾಮ್ ಬಿದ್ದ ಹಾಗೆ ಕಂಡಿತು. ಒರೆಸಿ ತೆಗೆದ.

ಮಂಡಿನೋವೆಂದು ಮದುವೆಗೆ ಹೋಗದೆ ಉಳಿದಿದ್ದ ಅತ್ತೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು.

"ಹಸಿರೂ ಚೆನ್ನಾಗಿದೆ," ಎಂದರು.

"ನನ್ನ ಕತೆ ಮುಗೀತು ಅತ್ತೆ."

"ಹೆದರಬೇಡಿ, ಇಟ್ಬಿಡಿ. ನಲವತ್ತು ವರ್ಷ ಸಂಸಾರ ಮಾಡಿದೀನಿ. ಇಂಥದ್ದೆಲ್ಲ ಅವರ ಕಣ್ಣಿಗೆ ಬೀಳಲ್ಲ. ನಾನೇ ಇನ್ನೂ ಬಿದ್ದಿಲ್ಲ."

ಹೆಂಗಸರು ಗಂಡಂದಿರನ್ನು ದೂರುವುದು ಇದ್ದದ್ದೇ. ಅಳಿಯನಿಗೆ ಧೈರ್ಯ ಬರಲಿಲ್ಲ. ಹೋದ ವರ್ಷ ಷಡ್ಡಕನ ಉಂಗುರ ತಾಗಿ ಬಿದ್ದ ಕೂದಲೆಳೆ ಗೀರನ್ನು ಮಾವ ಬರೀ ಹೆಬ್ಬೆರಳಾಡಿಸಿ ಹಿಡಿದಿದ್ದರು. ಆದರೂ ಬೇರೆ ದಾರಿಯಿರಲಿಲ್ಲ. ಹಸಿರು ಕಾರನ್ನು 'ಕೆಂಪು' ಎಂಬ ಚೀಟಿಯ ಮೇಲೆ ನಿಲ್ಲಿಸಿದ.

ಮಾವ ಹನ್ನೊಂದು ಗಂಟೆಗೆ ಬಂದರು, ಕೈಯಲ್ಲಿ ಒಂದು ಚೀಲ ಟೊಮೆಟೊ. ಅತ್ತೆ ಬುಟ್ಟಿಗೆ ಸುರಿದು ನೋಡಿ, "ಅರ್ಧಕ್ಕರ್ಧ ಕಾಯಿ," ಎಂದರು.

"ಅಂಗಡಿಯವನು ಕಳ್ಳ."

"ನಿಮಗೆ ಎಲ್ಲಾ ಅಂಗಡಿಯವರೂ ಕಳ್ಳರೇ ಸಿಗ್ತಾರೆ," ಎಂದು ಅತ್ತೆ ಒಳಗೆ ಹೋದರು.

ಮಾವ ಚಪ್ಪಲಿ ಬಿಟ್ಟವರೇ ಬೀರು ತೆರೆದರು. ಒಂದೊಂದೇ ಕಾರನ್ನು ಎತ್ತಿದರು, ಹೆಬ್ಬೆರಳಾಡಿಸಿದರು, ಇಟ್ಟರು. ನಲವತ್ತೆರಡು ಮುಗಿದವು. ಕೊನೆಯದನ್ನು ಎತ್ತಿ ಕಿಟಕಿಯ ಬೆಳಕಿಗೆ ಒಯ್ದರು. ಚಕ್ರ ತಿರುಗಿಸಿದರು. ಎರಡೂ ರೆಕ್ಕೆಗಳನ್ನು ತಡವಿದರು. ಆಮೇಲೆ ಅಳಿಯನ ಮುಖವನ್ನೇ ದಿಟ್ಟಿಸಿದರು.

"ಏನಯ್ಯ ಮಾಡಿದೆ ಇದಕ್ಕೆ?"

"ಮಾವ, ಅದು..."

"ಇಷ್ಟು ಹೊಳಪು ನನ್ನ ಕೈಯಲ್ಲೂ ಬಂದಿರಲಿಲ್ಲ." ಕಾರನ್ನು ಚೀಟಿಯ ಮೇಲಿಟ್ಟು ನಿಧಾನವಾಗಿ ಓದಿದರು. "ಐವತ್ತೊಂಬತ್ತು, ಕ್ಯಾಡಿಲ್ಯಾಕ್, ಕೆಂಪು. ನನ್ನ ಕೆಂಪಮ್ಮ."

ಅಳಿಯನ ಕಣ್ಣು ತುಂಬಿ ಬಂತು. ಎಲ್ಲ ಗೊತ್ತಾಗಿಯೂ ನುಂಗಿಕೊಂಡರಲ್ಲ. ಅಳಿಯನ ಮಾನ ಉಳಿಸಲು ಹಸಿರನ್ನು ಕೆಂಪು ಎಂದರಲ್ಲ. ಇಂಥ ದೊಡ್ಡ ಮನುಷ್ಯನಿಗೆ ಆರು ವರ್ಷ ಬೆನ್ನ ಹಿಂದೆ ಶಾಪ ಹಾಕಿದೆನಲ್ಲ ಎಂದು ತನ್ನನ್ನೇ ಹಳಿದುಕೊಂಡ.

"ಮಾವ, ಒಂದು ವಿಷಯ ಹೇಳಬೇಕು..."

ಒಳಗೆ ಅತ್ತೆ ಜೋರಾಗಿ ಕೆಮ್ಮಿದರು.

"ಮಾತು ಆಮೇಲೆ. ನಡಿ, ಸ್ಕೂಲಿನ ಬೀಗದ ಕೈ ಇವತ್ತೇ ಕೊಟ್ಬಿಡ್ತೀನಿ. ಗಾಡಿ ನಾನು ಓಡಿಸ್ತೀನಿ, ನೀನು ಆರಾಮಾಗಿ ಕೂತ್ಕೋ."

ಅಳಿಯ ಪಕ್ಕದ ಸೀಟಿನಲ್ಲಿ ಕುಳಿತ. ಅಭ್ಯಾಸಬಲದಿಂದ ಎರಡನೇ ಬ್ರೇಕಿನ ಮೇಲೆ ಹೋದ ಕಾಲನ್ನು, ಗೌರವಕ್ಕೆಂದು ಹಿಂದಕ್ಕೆ ಎಳೆದುಕೊಂಡ. ಗಾಡಿ ದೊಡ್ಡ ರಸ್ತೆಗೆ ಬಂತು. ಮುಂದಿನ ವೃತ್ತದಲ್ಲಿ ಹೋದ ವಾರವಷ್ಟೇ ಹೊಸ ಸಿಗ್ನಲ್ ಹಾಕಿದ್ದರು. ಮೇಲ್ಸೇತುವೆ ತಲೆಗೆ ತಾಗುವಷ್ಟು ತಗ್ಗಿದ್ದುದರಿಂದ ಮೂರು ದೀಪಗಳನ್ನೂ ಸಾಲಾಗಿ ಅಡ್ಡ ಮಲಗಿಸಿದ್ದರು. ಕೆಂಪು ಉರಿಯುತ್ತಿತ್ತು. ಎಡಗಡೆಯಿಂದ ಸಿಮೆಂಟ್ ಲಾರಿಯೊಂದು ಬರುತ್ತಿತ್ತು. ಮಾವ ವೇಗ ತಗ್ಗಿಸಲಿಲ್ಲ. ಕತ್ತು ವಾರೆ ಮಾಡಿ ದೀಪಗಳನ್ನೊಮ್ಮೆ ನೋಡಿದರು.

"ಇದರಲ್ಲಿ ಮೇಲಿನದು ಯಾವುದಯ್ಯ?"