ದಿನಾ ಬೇಕಾಗೂದು ಮ್ಯಾಲಿರಲಿ

"ಸರ್, ಅದನ್ನ ಹಂಗ ಅಮುಕಿ ಹಿಡೀಬ್ಯಾಡ್ರಿ, ಓಡಿ ಹೋಗೂದಿಲ್ಲ ಅದು," ಎಂದಳು ರುಬಿಯಾ. ಮೌಸನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದ ಅಂದಾನೆಪ್ಪ ಮಾಸ್ತರರು ಒಂದು ಕೈ ಬಿಟ್ಟರು.

ಶನಿವಾರ ಮಧ್ಯಾಹ್ನ. ಮಕ್ಕಳೆಲ್ಲ ಮನೆಗೆ ಹೋಗಿ ಹೈಸ್ಕೂಲು ಬಿಕೋ ಅನ್ನುತ್ತಿತ್ತು. ಆಫೀಸಿನಲ್ಲಿದ್ದ ಒಂದೇ ಕಂಪ್ಯೂಟರಿನ ಸುತ್ತ ಶಿಕ್ಷಕರು ಕುರ್ಚಿ ಎಳೆದುಕೊಂಡು ಕೂತಿದ್ದರು. ರುಬಿಯಾ ತಾನು ಮಾಡಿಕೊಂಡಿದ್ದ ಪುಟ ತೆರೆದು ತೋರಿಸಿದಳು. ಮೇಲೆ ಅವಳ ಹೆಸರು, ಕೆಳಗೆ ಸಾಲಾಗಿ ಚೌಕಗಳು: ಹಾಜರಿ, ಬಿಸಿಯೂಟ, ಪಗಾರ, ರಜೆ. ಯಾವುದನ್ನು ಒತ್ತಿದರೂ ಆ ಕೆಲಸದ ಜಾಗ ನೇರ ತೆರೆದುಕೊಳ್ಳುತ್ತಿತ್ತು.

"ಇಂಥಾದ್ದೊಂದು ಪುಟ ನೀವೂ ಮಾಡಕೋರಿ. ನಿಮ್ಮ ಫೋನಿನಾಗೂ ತೆರೀತೈತಿ. ದಿನಾ ಬೇಕಾಗೂದು ಮ್ಯಾಲಿರಲಿ, ಯಾವಾಗರ ಒಮ್ಮೆ ಬೇಕಾಗೂದು ಕೆಳಗಿರಲಿ. ಫೋಟೋನೂ ಹಚ್ಚಬಹುದು. ಅದನ್ನ ಒತ್ತಿದ್ರ ಏನಾಗಬೇಕು ಅನ್ನೂದನ್ನ ನೀವ ಹೇಳಬೇಕು."

"ಹಂಗಾರ ನಾ ನಮ್ಮ ಎಮ್ಮಿ ಫೋಟೋ ಹಚ್ಚತೇನಿ," ಎಂದ ಆಟದ ಮಾಸ್ತರ ಕಿರಣಕುಮಾರ.

"ಹಚ್ರಿ, ಒತ್ತಿದ್ರ ಹಾಲ ಬಂದೀತು. ಮನ್ಯಾಗ ಹಿಂಡೂದರ ತಪ್ಪತೈತಿ ನಿಮ್ಮ ಹೆಂಡ್ತಿಗೆ," ಎಂದರು ಅನ್ನಪೂರ್ಣಾ ಟೀಚರು. ಎಲ್ಲರೂ ನಕ್ಕರು. ರುಬಿಯಾನೂ ನಕ್ಕಳು. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು.

ಅವಳು ಗಣಿತದ ಶಿಕ್ಷಕಿ. ಬಂದ ಹೊಸದರಲ್ಲಿ ಒಂದು ದಿನ, ಸಿಕ್ಕಿಹಾಕಿಕೊಂಡಿದ್ದ ಹಾಜರಿಯ ಪುಟವನ್ನು ಬಿಡಿಸಿಕೊಟ್ಟಿದ್ದೇ ತಪ್ಪಾಯಿತು. ಅಂದಿನಿಂದ ಇಡೀ ಶಾಲೆಯ ಕಂಪ್ಯೂಟರ್ ಕೆಲಸ ಅವಳ ಕೊರಳಿಗೆ ಬಿತ್ತು. ಹತ್ತನೇ ಕ್ಲಾಸಿನಲ್ಲಿ ಲೆಕ್ಕ ಶುರು ಮಾಡುವಷ್ಟರಲ್ಲಿ ಬಾಗಿಲಲ್ಲಿ ಯಾರಾದರೊಬ್ಬರು ನಿಂತಿರುತ್ತಿದ್ದರು. "ತಂಗಿ, ಒಂದ ನಿಮಿಷ." ಆ ಒಂದು ನಿಮಿಷ ಗಂಟೆ ಬಾರಿಸುವತನಕ ಮುಗಿಯುವುದಿಲ್ಲ ಎಂಬುದು ಮಕ್ಕಳಿಗೂ ಗೊತ್ತಾಗಿ ಹೋಗಿತ್ತು. ಕರೆಯುವವರು ಕೆಟ್ಟವರಲ್ಲ. ಶೇಂಗಾ ಹೋಳಿಗೆ ಮಾಡಿದರೆ ಅವಳಿಗೊಂದು ಪಾಲು ಕಟ್ಟಿ ತರುವವರು, ರಂಜಾನಿನ ರೋಜಾ ಇದ್ದ ದಿನಗಳಲ್ಲಿ ಬೇಗ ಮನೆಗೆ ಕಳಿಸುವವರು. ಅಂಥವರಿಗೆ ಇಲ್ಲ ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ.

ಹೋದ ವರ್ಷ ಅರ್ಧಕ್ಕರ್ಧ ಕ್ಲಾಸು ಗಣಿತದಲ್ಲಿ ಫೇಲಾಗಿ ಕೂತಿತು. ನರ್ಸ್ ಆಗುತ್ತೇನೆ ಎನ್ನುತ್ತಿದ್ದ ಮೈಲಾರವ್ವನೂ ಅದರಲ್ಲಿದ್ದಳು. ಈಗ ಮುಂಜಾನೆ ಶಾಲೆಗೆ ಬರುವ ಬಸ್ಸು ಮೊರಬ ದಾಟುವಾಗ, ಕಳೆ ತೆಗೆಯಲು ಹೊರಟ ಹೆಂಗಸರ ಟ್ರಾಕ್ಟರಿನಲ್ಲಿ ಅವಳು ಕಾಣುತ್ತಾಳೆ. ಕಿಟಕಿಯಲ್ಲಿ ರುಬಿಯಾಳನ್ನು ಕಂಡರೆ "ಟೀಚರ್!" ಎಂದು ಕುಡುಗೋಲು ಹಿಡಿದ ಕೈಯನ್ನೇ ಎತ್ತುತ್ತಾಳೆ. ಆ ಕೂಗಿನಲ್ಲಿ ಸಿಟ್ಟಿರುವುದಿಲ್ಲ. ಅದಕ್ಕೇ ರುಬಿಯಾ ತಲೆ ತಗ್ಗಿಸಿ ಚೀಲದಲ್ಲಿ ಏನೋ ಹುಡುಕತೊಡಗುತ್ತಾಳೆ.

ಅವರವರ ಕೆಲಸ ಅವರವರಿಗೆ ಬಂದರೆ ತನಗೆ ತನ್ನ ಕ್ಲಾಸು ಸಿಕ್ಕೀತು ಎಂದೇ ಅವಳು ಈ ಪಾಠಕ್ಕೆ ಕೈ ಹಾಕಿದ್ದಳು. ಸಂಜೆಯಾಗುವಷ್ಟರಲ್ಲಿ ಎಲ್ಲರಿಗೂ ಒಂದೊಂದು ಪುಟವಾಯಿತು.

"ರಿಟೈರ್ ಆಗಾಕ ಬಂದೆ, ಒಂದು ಸ್ವಂತ ಮನಿ ಕಟ್ಟಾಕ ಆಗಲಿಲ್ಲ. ಇವತ್ತ ಕಟ್ಟಿದೆ ನೋಡು," ಎಂದು ಅಂದಾನೆಪ್ಪ ಮಾಸ್ತರರು ಫೋನಿನಲ್ಲಿ ತಮ್ಮ ಹೆಸರನ್ನೇ ನೋಡುತ್ತ ಕೂತರು.

"ಸೋಮವಾರದಿಂದ ನಾ ಹತ್ತನೇ ಕ್ಲಾಸಿನಾಗ ಇರತೇನ್ರಿ ಸರ್."

"ಇರವಾ ತಂಗಿ, ಇರು. ನಿನಗೂ ಸಾಕಾಗಿ ಹೋಗೇತಿ."

ಸೋಮವಾರ ಅವಳು ಕ್ಲಾಸಿಗೆ ಕಾಲಿಟ್ಟಾಗ ಮುಂದಿನ ಬೆಂಚಿನ ಸೀಮಾ ಕೇಳಿದಳು, "ಟೀಚರ್, ಇವತ್ತ ಪೂರ್ತಿ ಪಿರಿಯಡ್ ಇರತೀರೇನ್ರಿ?"

"ಪೂರ್ತಿ."

ನೋಟುಬುಕ್ಕುಗಳು ತೆರೆದುಕೊಂಡವು. ರುಬಿಯಾ ಒಂದು ತ್ರಿಕೋನ ಬರೆದಳು. ಎರಡನೆಯದರ ಗೆರೆ ಎಳೆಯುವಾಗ ಮೇಜಿನ ಮೇಲಿದ್ದ ಫೋನು ರಿಂಗಾಯಿತು. ಅವಳು ತಿರುಗಲಿಲ್ಲ. ಮತ್ತೆ ರಿಂಗಾಯಿತು. ಮಕ್ಕಳು ಫೋನನ್ನು ನೋಡಿದರು, ಅವಳನ್ನು ನೋಡಿದರು.

"ಹಲಗಿ ನೋಡ್ರಿ," ಎಂದಳು.

ಅಷ್ಟರಲ್ಲಿ ಬಾಗಿಲ ಬೆಳಕಿಗೆ ಯಾರೋ ಅಡ್ಡ ಬಂದರು. ಅಂದಾನೆಪ್ಪ ಮಾಸ್ತರರು.

"ತಂಗಿ, ಒಂದ ನಿಮಿಷ. ನನ್ನ ಪುಟ ಕೆಟ್ಟಂಗ ಕಾಣತೈತಿ."

"ಏನಾತ್ರಿ ಸರ್?" ಎಂದು ರುಬಿಯಾ ಸೀಮೆಸುಣ್ಣ ಹಿಡಿದೇ ಬಾಗಿಲಿಗೆ ಬಂದಳು.

"ಒತ್ತೇ ಒತ್ತಾಕತ್ತೇನಿ, ನೀ ಫೋನ್ ಎತ್ತವಲ್ಲಿ."

ಅವರು ಫೋನು ಮುಂದೆ ಹಿಡಿದರು. ಕೆಂಪು ಅಕ್ಷರದಲ್ಲಿ ಅವರ ಹೆಸರಿತ್ತು. ಅದರ ಕೆಳಗೆ, ಅರ್ಧ ಪುಟ ತುಂಬಿಕೊಂಡು ರುಬಿಯಾಳ ಮುಖವಿತ್ತು. ಆಗಸ್ಟ್ ಹದಿನೈದರಂದು ಎಲ್ಲರೂ ಸೇರಿ ತೆಗೆಸಿಕೊಂಡ ಫೋಟೋದಿಂದ ಅವಳೊಬ್ಬಳನ್ನೇ ಕತ್ತರಿಸಿದ್ದರು. ಹೆಗಲ ಮೇಲೆ ಪಕ್ಕದವರ ಸೀರೆಯ ತುದಿ ಉಳಿದಿತ್ತು. ಹಾಜರಿ, ಬಿಸಿಯೂಟ, ಪಗಾರ ಎಲ್ಲ ತಳದಲ್ಲಿ ಸಣ್ಣಗೆ ಬಿದ್ದಿದ್ದವು. ಮುಖ ಒತ್ತಿದರೆ ಅವಳ ಫೋನಿಗೆ ಕರೆ ಹೋಗುವಂತೆ ಜೋಡಿಸಿದ್ದರು. ಹಾಗೆ ಜೋಡಿಸುವುದನ್ನು ಕಲಿಸಿದವಳು ಅವಳೇ.

"ನೀನ ಹೇಳಿದ್ಯಲ್ಲ, ದಿನಾ ಬೇಕಾಗೂದು ಮ್ಯಾಲಿರಲಿ ಅಂತ," ಎಂದರು ಮಾಸ್ತರರು. "ನಾ ಒಬ್ಬಾಂವ ಅಲ್ಲ. ಅನ್ನಪೂರ್ಣಾ ಟೀಚರ್, ಕಿರಣಕುಮಾರ, ಹೆಡ್‌ಮಾಸ್ತರ, ಎಲ್ಲಾರೂ ನಿನ್ನ ಹಚ್ಚಕೊಂಡೇವಿ. ನಿನ್ನ ಕೇಳದ, ನಾವ ನಾವ ಮಾಡಿದ್ವಿ."

ಲೆಕ್ಕ ಸರಿ ಬಂದ ಹುಡುಗನ ಹಾಗೆ ಅವರು ಅವಳ ಮುಖ ನೋಡಿದರು. ಇನ್ನೊಮ್ಮೆ ಆ ಫೋಟೋದ ಮೇಲೆ ಬೆರಳಿಟ್ಟರು. ಒಳಗೆ ಮೇಜಿನ ಮೇಲೆ ಫೋನು ರಿಂಗಾಗತೊಡಗಿತು.

"ಏ, ಅಗದಿ ಛಲೋ ಐತಲ್ಲ! ಪುಟದ್ದೇನೂ ತಪ್ಪಿಲ್ಲ ಹಂಗಾರ. ಬಾ ತಂಗಿ, ಆ ಹಾಜರಿ ಏನೋ ಹೊಸಾದು ಕೇಳಾಕತ್ತೈತಿ."

ಅವಳ ಬೆನ್ನ ಹಿಂದೆ, ಯಾರೂ ಹೇಳದಿದ್ದರೂ, ನೋಟುಬುಕ್ಕುಗಳು ಒಂದೊಂದಾಗಿ ಮುಚ್ಚಿಕೊಂಡವು. ಸೀಮಾ ಎದ್ದು ಬಂದು, ರಿಂಗಾಗುತ್ತಿದ್ದ ಫೋನನ್ನು ಟೀಚರ ಎಡಗೈಗೆ ಕೊಟ್ಟಳು. ಬಲಗೈಯಲ್ಲಿದ್ದ ಸೀಮೆಸುಣ್ಣವನ್ನು ಮೆಲ್ಲಗೆ ಬಿಡಿಸಿಕೊಂಡು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು.