ಐದನೆಯ ವಾಕ್ಯ

ಅತ್ತೆಯ ಕೆಂಪು ಪೆನ್ನು ಐದನೆಯ ವಾಕ್ಯದ ಮೇಲೆ ಬಂದು ನಿಂತುಬಿಟ್ಟಿತು. ಇಂಗ್ಲಿಷಿನಲ್ಲಿ ಹೊತ್ತು ಹೇಳುವ ಪುಟಾಣಿ ಪದಗಳಿಗೆ ಒಂದೊಂದು ವಾಕ್ಯ ಬರೆಯಲು ಅಣ್ಣನ ಮಗಳಿಗೆ ಹೇಳಿದ್ದಳು. ಮೊದಲ ನಾಲ್ಕು ನಗುನಗುತ್ತಲೇ ಮುಗಿದಿದ್ದವು. ‘ಆ್ಯಟ್’ ಪದ ಹಾಕಿ, ಅತ್ತೆ ಮಧ್ಯಾಹ್ನ ಮೂರಕ್ಕೆ ಗೊರಕೆ ಹೊಡೆಯುತ್ತಾಳೆ ಎಂದು ಹುಡುಗಿ ಬರೆದಿದ್ದಳು.

“ಏ ಕಳ್ಳಿ, ನಾನೆಲ್ಲೇ ಗೊರಕೆ ಹೊಡೀತೀನಿ?”

“ನಿಜ ಇರೋದನ್ನೇ ಬರಿ, ಸುಳ್ಳು ವಾಕ್ಯಕ್ಕೆ ಟಿಕ್ ಹಾಕಲ್ಲ ಅಂದೋಳು ನೀನೇ ಅಲ್ವಾ?” ಎಂದು ಕಿಸಕ್ಕನೆ ನಕ್ಕಿದ್ದಳು. ಅತ್ತೆ ಸೋತು ಟಿಕ್ ಹಾಕಿದ್ದಳು.

ಐದನೆಯದು ‘ಬೈ’, ಅಂದರೆ ‘ಅಷ್ಟರೊಳಗೆ’. ಶುಕ್ರವಾರದೊಳಗೆ ಅಮ್ಮ ಆಸ್ಪತ್ರೆಯಿಂದ ಮನೆಗೆ ಬರುತ್ತಾಳೆ ಎಂದು ಬರೆದಿದ್ದಳು. ಮುತ್ತು ಪೋಣಿಸಿದಂಥ ಅಕ್ಷರ, ಒಂದೂ ತಪ್ಪಿಲ್ಲ. ಬೆಳಿಗ್ಗೆಯಷ್ಟೇ ಅಣ್ಣ ಫೋನಿನಲ್ಲಿ, “ಡಾಕ್ಟ್ರು ಕೈಚೆಲ್ಲಿದ್ರು ಕಣೇ, ಇನ್ನೆರಡು ದಿನ ಅಂತೆ. ಮಗೂಗೆ ನಾನೇ ಬಂದು ಹೇಳ್ತೀನಿ, ನೀನು ಬಾಯಿ ಬಿಡಬೇಡ,” ಎಂದು ಬಿಕ್ಕಿದ್ದ.

ಹುಡುಗಿ ಪುಸ್ತಕ ನೋಡುತ್ತಿರಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತಿದ್ದಳು. “ಅಮ್ಮ ಬರ್ತಾಳಾ ಅಂತ ಎಲ್ರನ್ನೂ ಕೇಳಿದೆ. ಸುಮ್ನೆ ತಲೆ ಸವರ್ತಾರೆ ಅಷ್ಟೆ,” ಎಂದಳು. “ನೀನು ಟಿಕ್ ಹಾಕು.”

ಪೆನ್ನು ಕಾಗದಕ್ಕೆ ತಾಗಿತು. ಅಲ್ಲೇ ಒಂದು ಕೆಂಪು ಚುಕ್ಕೆ ಹರಡಿಕೊಳ್ಳುತ್ತ ಹೋಯಿತು. ಕಥೆಗಳಲ್ಲಿ ಶಾಪ ತಗುಲಿ ಕಲ್ಲಾದವರ ಹಾಗೆ ಅತ್ತೆಯ ಕೈ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

ಹುಡುಗಿ ಪುಸ್ತಕವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

“ಹೋಗ್ಲಿ ಬಿಡು ಅತ್ತೆ,” ಎಂದಳು. “ಬೇರೆ ವಾಕ್ಯ ಬರೀತೀನಿ.”